ಬನ್ನಿ ಅಂದದ್ದಕ್ಕೆ ಬಂದವರು

ನಾನಾಯ್ ಸಿದ್ರಾಗೆ, ಅಂದರೆ ಸಿದ್ರಾ ಅಮ್ಮನಿಗೆ, ಸನ್ಮಾನ ಮಾಡುತ್ತೇವೆ ಎಂದು ಕ್ಯಾಪ್ಟನ್ ಎಲಿಸಿಯೊ ಬಂದು ಹೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೇ ಹೊರತು ಸಂತೋಷಕ್ಕಲ್ಲ. ಈ ಮನುಷ್ಯ ಸುಮ್ಮಸುಮ್ಮನೆ ಯಾರ ಕೊರಳಿಗೂ ಹಾರ ಹಾಕುವವನಲ್ಲ. ಅವನ ದೊಡ್ಡ ಮಗನಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಮಗುವನ್ನು ಎತ್ತಿ ಹಿಡಿದ ಧರ್ಮತಾಯಿ ನಾನು. ಅವತ್ತಿನಿಂದ ಅವನು ನನ್ನನ್ನು ಮಾರೆ ಎನ್ನುತ್ತಾನೆ, ನಾನು ಅವನನ್ನು ಪಾರೆ ಎನ್ನುತ್ತೇನೆ. ನಮ್ಮ ಬರಂಗಾಯಿಗೆ, ಅಂದರೆ ಈ ವಾರ್ಡಿಗೆ, ಓಟಿನಲ್ಲಿ ಗೆದ್ದ ಕ್ಯಾಪ್ಟನ್, ಯಜಮಾನ ಅವನೇ ಆದರೂ ಅವನ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹಕ್ಕು ನನಗೊಬ್ಬಳಿಗೆ ಇದೆ. ಅವನ ಹೆಂಡತಿಗೂ ಇಲ್ಲ.

ನನ್ನ ಊಟದಂಗಡಿಯ ಬೆಂಚಿನ ಮೇಲೆ ಕೂತು ಅವನು ಮೊಬೈಲ್ ತೆಗೆದು ಬ್ಯಾನರಿನ ಚಿತ್ರ ತೋರಿಸಿದ. ನಮ್ಮ ಮನಿಲಾದಲ್ಲಿ ಹುಡುಗ ಪರೀಕ್ಷೆ ಪಾಸಾದರೂ ಬ್ಯಾನರು, ಚರಂಡಿ ರಿಪೇರಿಯಾದರೂ ಬ್ಯಾನರು. ಇದರಲ್ಲಿ ಎಲಿಸಿಯೊನ ಮುಖ ಮೊರದಷ್ಟಿತ್ತು. ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಜಾಗದಲ್ಲಿ ಸಿದ್ರಾ ಇದ್ದಳು, ಅದೂ ಕಣ್ಣು ಮುಚ್ಚಿಕೊಂಡಿದ್ದಾಗ ತೆಗೆದ ಫೋಟೋ. ಸನ್ಮಾನ ಯಾರಿಗೆ ಪಾರೆ ಎಂದು ಕೇಳಿದೆ. ಅವನು ಕೇಳಿಸದವನ ಹಾಗೆ ಪಾನ್ಸಿತ್ ನೂಡಲ್ಸಿಗೆ ಸೀಗಡಿ ಜಾಸ್ತಿ ಹಾಕಬೇಕು, ನಗರಸಭೆಯಿಂದ ಕೌನ್ಸಿಲರ್ ಮೇಡಂ ಬರುತ್ತಾರೆ, ಅವರು ಹಂದಿಮಾಂಸ ಮುಟ್ಟುವುದಿಲ್ಲ ಎಂದೆಲ್ಲ ಹೇಳಿದ. ಕೊನೆಗೆ ಎದ್ದು ನಿಂತು ನಿಜವಾದ ವಿಷಯ ಬಾಯಿಬಿಟ್ಟ. ಸಿದ್ರಾ ಬರುವುದಿಲ್ಲ ಎಂದುಬಿಟ್ಟಿದ್ದಾಳೆ. ನಾನು ಹೋಗಿ ಒಪ್ಪಿಸಬೇಕು.

"ಸನ್ಮಾನ ಯಾರಾದ್ರೂ ಬೇಡ ಅಂತಾರಾ ಮಾರೆ? ನನ್ನ ಮಾನ ಹೋಗುತ್ತೆ. ನಿನ್ನ ಮಾತಾದ್ರೆ ಕೇಳ್ತಾಳೆ."

ನನ್ನ ಮಾತು ಅವಳು ಯಾವತ್ತೂ ಕೇಳಿದವಳಲ್ಲ. ಆದರೂ ಪಾನ್ಸಿತ್ ಮಾಡುವವಳು ನಾನೇ ಆದ್ದರಿಂದ ಆಗಲಿ ಎಂದೆ.

ಸಿದ್ರಾ ಯಾಕೆ ಬೇಡವೆಂದಳು ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಅಂಗಡಿಯ ಎದುರಿಗೇ ಬರಂಗಾಯಿನ ಬಾಸ್ಕೆಟ್‌ಬಾಲ್ ಅಂಗಳವಿದೆ. ಮೇಲೆ ತಗಡಿನ ಎತ್ತರದ ಸೂರು, ಸುತ್ತ ತಂತಿಬಲೆ, ಮುಂದೆ ಕಬ್ಬಿಣದ ಗೇಟು. ಸೂರಿನ ಮೇಲೆ ಎಲಿಸಿಯೊನ ಹೆಸರನ್ನು ಎಷ್ಟು ದೊಡ್ಡದಾಗಿ ಬರೆಸಿದ್ದಾರೆಂದರೆ ವಿಮಾನದಲ್ಲಿ ಹೋಗುವವರೂ ಓದಬಹುದು. ಆ ಬಲೆಗೆ ಒರಗಿಕೊಂಡು ಹೊರಗಡೆ ಸಾಲಾಗಿ ಮರದ ತಳ್ಳುಗಾಡಿಗಳು ನಿಲ್ಲುತ್ತವೆ. ಹಗಲು ಅವುಗಳಲ್ಲಿ ರದ್ದಿ, ಬಾಟಲಿ, ತಗಡು. ಕತ್ತಲಾದ ಮೇಲೆ ಅವುಗಳಲ್ಲೇ ಹೆಂಡತಿ ಮಕ್ಕಳು. ಅವರಿಗೆ ಮನೆಯೆಂದರೆ ಆ ಗಾಡಿಯೇ. ಮಳೆ ಬಂದರೆ ಅವರಿಗೂ ಒಣನೆಲಕ್ಕೂ ನಡುವೆ ಇರುವುದು ಒಂದು ತಂತಿಬಲೆ. ಆ ಒಣನೆಲದ ಮೇಲೆ ಆಗ ಒಂದು ಬೆಕ್ಕು ಕೂಡ ಇರುವುದಿಲ್ಲ. ಗೇಟಿಗೆ ಬೀಗ ಜಡಿದಿರುತ್ತದೆ.

ಸಿದ್ರಾ ಬೇರೆಯವರ ಬಟ್ಟೆ ಒಗೆದು ಮುದುಕಿಯಾದವಳು. ಈಗ ಬೆನ್ನು ಬಾಗಿದೆ, ನಾಲಿಗೆ ಮಾತ್ರ ಬಾಗಿಲ್ಲ. ನಗರಸಭೆಯ ಲಾರಿಯವರು ಬಂದು ಗಾಡಿಗಳನ್ನು ಹೊತ್ತೊಯ್ದರೆ ಅವಳು ಹೋಗಿ ಅವರ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಕೂಗುವುದಿಲ್ಲ, ಬೇಡುವುದಿಲ್ಲ. ಬಂದು ಹೋಗುವವರಿಗೆಲ್ಲ ನಮಸ್ಕಾರ ಹೇಳುತ್ತ ಕೂರುತ್ತಾಳೆ. ಕೊನೆಗೆ ಅವರಿಗೇ ತಲೆ ಚಿಟ್ಟು ಹಿಡಿದು ಗಾಡಿಗಳನ್ನು ವಾಪಸು ಕೊಟ್ಟು ಕಳಿಸುತ್ತಾರೆ. ಗಾಡಿಯವರ ಮಕ್ಕಳನ್ನು ಕೈಹಿಡಿದು ಶಾಲೆಗೆ ಸೇರಿಸಿದವಳು, ಅವರಲ್ಲಿ ಯಾರಾದರೂ ಸತ್ತರೆ ಪಾದ್ರಿಯನ್ನು ಎಳೆದುಕೊಂಡು ಬಂದು ಪ್ರಾರ್ಥನೆ ಮಾಡಿಸಿದವಳು ಅವಳೇ. ಎಲ್ಲ ಸಾಧಿಸಿದಳು, ಆ ಗೇಟೊಂದನ್ನು ಬಿಟ್ಟು. ಮಳೆಗಾಲದಲ್ಲಿ ರಾತ್ರಿ ಹೊತ್ತು ಅದನ್ನು ತೆರೆದಿಡಿ ಎಂದು ವರ್ಷಗಳಿಂದ ಕೇಳುತ್ತಿದ್ದಾಳೆ. ಎಲಿಸಿಯೊ ವರ್ಷಗಳಿಂದ ನೋಡೋಣ ಎನ್ನುತ್ತಿದ್ದಾನೆ. ಅವನು ಕೆಟ್ಟವನೆಂದಲ್ಲ. ಆ ನೆಲಕ್ಕೆ ಹಸಿರು ಬಣ್ಣವನ್ನು ಮೊಣಕಾಲೂರಿ ಸ್ವತಃ ಬಳಿದವನು. ಗಾಡಿಯ ಚಕ್ರ ಅದರ ಮೇಲೆ ಉರುಳುವುದನ್ನು ನೆನೆಯುವುದಕ್ಕೂ ಅವನಿಗೆ ಆಗುವುದಿಲ್ಲ. ಒಂದು ಸಲ ಒಳಗೆ ಬಿಟ್ಟರೆ ಹೊರಗೆ ಕಳಿಸುವುದು ಹೇಗೆ ಎನ್ನುವುದು ಅವನ ಇನ್ನೊಂದು ಭಯ.

ನಾನು ಹೋದಾಗ ಸಿದ್ರಾ ಗಾಡಿಗಳ ಹತ್ತಿರವೇ ಇದ್ದಳು. ಗ್ಲೆಂಡಾ ಎಂಬ ಹುಡುಗಿಯ ಕಾಲು ನೀವುತ್ತಿದ್ದಳು. ಗ್ಲೆಂಡಾ ತುಂಬಿದ ಬಸುರಿ, ಇವತ್ತೋ ನಾಳೆಯೋ ಎನ್ನುವ ಹಾಗಿದ್ದಳು. ಅವಳ ಗಂಡ ಓಬೆತ್ ಗಾಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಿದ್ದ. ಚಂಡಮಾರುತ ಬರುತ್ತಿದೆ ಎಂದು ರೇಡಿಯೋದವರು ಬೆಳಗಿನಿಂದ ಅದನ್ನೇ ಬಡಿದುಕೊಳ್ಳುತ್ತಿದ್ದರು. ಮಾರನೆಯ ದಿನ ಸಂಜೆಗೆ ನಮ್ಮ ತಲೆಯ ಮೇಲಂತೆ. ಮಾರನೆಯ ದಿನ ಮಧ್ಯಾಹ್ನವೇ ಸನ್ಮಾನವೂ ಇತ್ತು.

ವಿಷಯ ಹೇಳಿದೆ. ಸಿದ್ರಾ ತಲೆಯೆತ್ತಲಿಲ್ಲ.

"ಅವನು ಹೆಸರು ಬರೆಸಿ ಕೊಡೋ ಮರದ ಹಲಗೆ ತಗೊಂಡು ಏನ್ ಮಾಡ್ಲಿ ಲುದಿ? ಮಳೆ ಬಂದಾಗ ಈ ಹುಡುಗಿ ತಲೆ ಮೇಲೆ ಹಿಡೀಲಾ?"

ಹಾಗಾದರೆ ಬಂದು ಎಲ್ಲರ ಎದುರು, ಕೌನ್ಸಿಲರಮ್ಮನ ಎದುರು, ಗೇಟು ಬೇಕು ಎಂದು ಕೇಳು ಎಂದೆ. ಆಗ ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಇದ್ದಲ್ಲೇ ಕುಗ್ಗಿದೆ. ಕರೆದು ಮರ್ಯಾದೆ ಮಾಡುವವನ ಮನೆಯಲ್ಲಿ ನಿಂತು ಅವನ ಮಾನ ಕಳೆಯುವಷ್ಟು ನಾಚಿಕೆಗೆಟ್ಟವಳು ತಾನಲ್ಲ ಎಂದಳು. ಕೇಳುವುದಿದ್ದರೆ ಅವನ ಬಾಗಿಲಲ್ಲಿ ಒಬ್ಬಳೇ ಕೇಳುತ್ತೇನೆ, ಕೇಳಿದ್ದೇನೆ, ನಾಳೆ ಬೆಳಿಗ್ಗೆಯೂ ಕೇಳುತ್ತೇನೆ ಎಂದಳು. ದಾಕ್ಷಿಣ್ಯ ಎನ್ನುವುದು ನಮ್ಮ ಜನಕ್ಕೆ ಅಂಟಿದ ರೋಗ, ಅದು ಹುಟ್ಟಿದಂದಿನಿಂದ ಸಿದ್ರಾಗೂ ಇದೆ.

ಆ ರೋಗ ಎಂಥದು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಉಣ್ಣುತ್ತ ಕೂತಿರುವಾಗ ಎದುರಿಗೆ ಯಾರೇ ಹಾದರೂ ಬನ್ನಿ ಊಟ ಮಾಡೋಣ ಎನ್ನಲೇಬೇಕು, ತಟ್ಟೆಯಲ್ಲಿ ಒಂದೇ ಒಣಮೀನಿದ್ದರೂ. ಹಾದುಹೋಗುವವರು ನಮ್ಮದಾಯಿತು, ನೀವು ಮಾಡಿ ಎನ್ನಲೇಬೇಕು, ಹೊಟ್ಟೆ ಬೆನ್ನಿಗೆ ಅಂಟಿದ್ದರೂ. ಎರಡನೇ ಸಲ ಕರೆದರೆ ಸ್ವಲ್ಪ ಮನಸ್ಸಿದೆ ಎಂದು ಅರ್ಥ. ಮೂರನೇ ಸಲವೂ ಕರೆದರೆ ಆಗ ಕೂರಬಹುದು. ಮೊದಲನೇ ಸಲಕ್ಕೇ ಕೂತುಬಿಟ್ಟವರನ್ನು ಎದುರಿಗೆ ಯಾರೂ ಏನೂ ಅನ್ನುವುದಿಲ್ಲ, ಬೆನ್ನ ಹಿಂದೆ ಜನ್ಮವೆಲ್ಲ ಆಡಿಕೊಳ್ಳುತ್ತಾರೆ. ಊಟಕ್ಕೆ ಮಾತ್ರವಲ್ಲ, ಎಲ್ಲದಕ್ಕೂ ಇದೇ ಲೆಕ್ಕ.

ಹಿಂದಿನ ವರ್ಷದ ಬಿರುಗಾಳಿಯಲ್ಲಿ ಕಾಲುವೆ ಉಕ್ಕಿ ಗಾಡಿಗಳು ತೇಲಿದವು. ಪಕ್ಕದ ಓಣಿಯ ಮನೆಯವರೊಬ್ಬರು ಕಿಟಕಿ ತೆರೆದು ಓಬೆತ್ ಮತ್ತು ಗ್ಲೆಂಡಾರನ್ನು ಒಳಗೆ ಬನ್ನಿ ಎಂದರು. ಗ್ಲೆಂಡಾ ಆಗಲೂ ಬಸುರಿ. ನೀರು ಮೊಣಕಾಲಿಗೆ ಬಂದಿತ್ತು. ಇಬ್ಬರೂ ಒಟ್ಟಿಗೆ, ಪರವಾಗಿಲ್ಲ, ನಾವು ಇಲ್ಲೇ ಚೆನ್ನಾಗಿದ್ದೇವೆ ಎಂದರು. ಆ ಮನೆಯವರು ಹೌದೇ ಎಂದು ಕಿಟಕಿ ಮುಚ್ಚಿಕೊಂಡರು. ಅವರನ್ನು ನಾನು ಬೈಯುವುದಿಲ್ಲ, ಕರೆದದ್ದಂತೂ ಕರೆದರು. ಇಡೀ ರಾತ್ರಿ ನೆನೆದು ಗ್ಲೆಂಡಾಗೆ ಜ್ವರ ಏರಿತು, ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಅದಾದ ಮೇಲೆ ಸಿದ್ರಾ ಗಾಡಿಯವರಿಗೆ ಪಾಠ ಹೇಳಲು ಶುರುಮಾಡಿದಳು. ಕರೆದವರು ಒಂದೇ ಸಲ ಕರೆಯುವ ಕಾಲ ಇದು, ಮೊದಲನೇ ಸಲಕ್ಕೇ ಹೂಂ ಅನ್ನಿ ಎಂದು. ಸಂಜೆ ಹೊತ್ತು ಅವರನ್ನೆಲ್ಲ ಕೂರಿಸಿಕೊಂಡು ತಾನೇ ಮನೆಯ ಯಜಮಾನಿಯಾಗಿ ನಟಿಸುತ್ತಿದ್ದಳು. ಬನ್ನಿ ಊಟಕ್ಕೆ ಎನ್ನುತ್ತಿದ್ದಳು. ಅವರೆಲ್ಲ ಶಾಲೆಯ ಮಕ್ಕಳ ಹಾಗೆ ಒಂದೇ ಧಾಟಿಯಲ್ಲಿ ನಮ್ದಾಯ್ತು ನಾನಾಯ್ ಎನ್ನುತ್ತಿದ್ದರು. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಸಿದ್ರಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಾನು ಅಂಗಡಿಯಿಂದ ನೋಡಿ ಬಿದ್ದು ಬಿದ್ದು ನಗುತ್ತಿದ್ದೆ. ಗ್ಲೆಂಡಾ ಮಾತ್ರ ಆ ಪಾಠದಲ್ಲಿ ಬಾಯಿ ತೆರೆಯುತ್ತಲೇ ಇರಲಿಲ್ಲ, ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ.

ಕೊನೆಗೆ ಸಿದ್ರಾಳನ್ನು ಒಪ್ಪಿಸಿದ್ದು ನಾನಲ್ಲ, ಗ್ಲೆಂಡಾ. ನಾನು ಸೋತು ಎದ್ದು ಹೊರಟಾಗ ಅವಳು ಮೆಲ್ಲಗೆ, "ನಿಮ್ಮ ಸನ್ಮಾನ ನೋಡ್ಬೇಕು ಅಂತ ನಂಗೆ ಆಸೆ ಇದೆ ನಾನಾಯ್" ಎಂದಳು. ಸಿದ್ರಾ, ನನ್ನ ಒಳ್ಳೆಯ ಲಂಗ ಎಲ್ಲಿಟ್ಟಿದ್ದೀನೋ ಹುಡುಕಬೇಕು ಎಂದಳು.

ಮಾರನೆಯ ಬೆಳಿಗ್ಗೆ ಹೇಳಿದ ಹಾಗೇ ಅವಳು ಎಲಿಸಿಯೊನ ಬಾಗಿಲಿಗೆ ಹೋಗಿ ಕೇಳಿದಳು. ಇವತ್ತೊಂದು ರಾತ್ರಿ ಗೇಟು ತೆಗೆ, ಬಸುರಿ ಇದ್ದಾಳೆ ಎಂದಳು. ಅವನು ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡು, ಸಮಾರಂಭ ಮುಗಿಯಲಿ ನಾನಾಯ್, ನೋಡೋಣ ಎಂದ. ವಾಪಸು ಹೋಗುವಾಗ ನನ್ನ ಅಂಗಡಿ ಮುಂದೆ ನಿಂತು ಇಷ್ಟನ್ನು ಹೇಳಿ ಹೋದಳು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಪಾನ್ಸಿತ್ ಬೇಯಿಸಿದೆ, ಆದ್ದರಿಂದಲೋ ಏನೋ ಅವತ್ತು ತುಂಬ ರುಚಿಯಾಗಿತ್ತು.

ಮಧ್ಯಾಹ್ನ ಅಂಗಳದಲ್ಲಿ ಕುರ್ಚಿ ಹಾಕಿದರು, ಬ್ಯಾನರು ಕಟ್ಟಿದರು. ಆಕಾಶ ಆಗಲೇ ಹಂಡೆಯ ತಳದಂತೆ ಕಪ್ಪಾಗಿತ್ತು. ಕೌನ್ಸಿಲರಮ್ಮನ ಕಣ್ಣಿಗೆ ಬೀಳಬಾರದೆಂದು ಕಾವಲಿನವರು ಗಾಡಿಗಳನ್ನೆಲ್ಲ ಕಾಲುವೆಯ ಆಚೆ ತಳ್ಳಿಸಿದ್ದರು. ಮನೆಯಿಲ್ಲದವರ ಪರವಾಗಿ ನಿಂತವಳಿಗೆ ಸನ್ಮಾನ, ಮನೆಯಿಲ್ಲದವರು ಮಾತ್ರ ಕಾಣಬಾರದು. ಇಂಥ ಬುದ್ಧಿ ನಮ್ಮವರಿಗೆ ಮಾತ್ರ ಬರುತ್ತದೆ. ಸಿದ್ರಾ ಲಂಗ ತೊಟ್ಟು ಬಂದಳು, ಖಾಲಿ ಬಲೆಯನ್ನು ನೋಡಿದಳು, ಒಂದು ಮಾತೂ ಆಡದೆ ತಿರುಗಿ ಬಂದ ದಾರಿ ಹಿಡಿದಳು. ಎಲಿಸಿಯೊನ ಮುಖ ಇಂಗು ತಿಂದ ಮಂಗನಂತಾಯಿತು. ಕಾವಲಿನವರನ್ನು ಮತ್ತೆ ಕಾಲುವೆಯಾಚೆ ಓಡಿಸಿ ಗಾಡಿಗಳನ್ನು ವಾಪಸು ಕರೆಸಿದ. ಅವು ಬಂದು ಬಲೆಯ ಹೊರಗೆ ಸಾಲಾಗಿ ನಿಂತ ಮೇಲೇ ಅವಳು ಒಳಗೆ ಬಂದು ಕೂತದ್ದು. ಅಷ್ಟರಲ್ಲಿ ಕೌನ್ಸಿಲರಮ್ಮನೂ ಬಂದರು.

ಹಾಡಾಯಿತು, ಪ್ರಾರ್ಥನೆಯಾಯಿತು, ಮಕ್ಕಳ ಕುಣಿತವಾಯಿತು. ಕೊರಳಿಗೆ ಪಟ್ಟಿ ಹಾಕಿದರು, ಹಲಗೆ ಕೊಟ್ಟರು. ಆಮೇಲೆ ಎಲಿಸಿಯೊ ಮೈಕು ಹಿಡಿದ. ಮೈಕು ಸಿಕ್ಕಿದರೆ ಅವನಿಗೆ ನಿಲ್ಲಿಸುವುದು ಗೊತ್ತಿಲ್ಲ. ಸಿದ್ರಾ ಈ ಬರಂಗಾಯಿನ ತಾಯಿ ಎಂದ. ತಾನು ಚಿಕ್ಕವನಿದ್ದಾಗ ಅವಳು ಒಗೆದುಕೊಟ್ಟ ಅಂಗಿ ತೊಟ್ಟೇ ಶಾಲೆಗೆ ಹೋದೆನೆಂದು ಹೇಳಿ ಕಣ್ಣೊರೆಸಿಕೊಂಡ. ಅದು ಸುಳ್ಳಲ್ಲ, ಆ ಕಣ್ಣೀರೂ ನಿಜದ್ದೇ. ಜನ ಚಪ್ಪಾಳೆ ತಟ್ಟಿದಷ್ಟೂ ಅವನು ಉಬ್ಬಿದ. ಕೊನೆಗೆ ಕೈ ಅಗಲಿಸಿ, ಎಲ್ಲರೂ ಭಾಷಣದ ಕೊನೆಗೆ ಹೇಳುವಂಥದ್ದೇ ಒಂದು ಮಾತು ಹೇಳಿದ.

"ನಾನಾಯ್, ಈ ಅಂಗಳ ನನ್ನದಲ್ಲ, ನಿಮ್ಮದು. ಇದರ ಬಾಗಿಲು ನಿಮಗೂ ನಿಮ್ಮ ಮಕ್ಕಳಿಗೂ ಹಗಲು ರಾತ್ರಿ ತೆರೆದೇ ಇರುತ್ತೆ. ಯಾವಾಗ ಬೇಕಾದ್ರೂ ಬನ್ನಿ."

ನಮ್ಮಲ್ಲಿ ಇಂಥ ಮಾತಿಗೆ ಉತ್ತರ ಏನೆಂದು ಹಾಲುಗಲ್ಲದ ಮಗುವಿಗೂ ಗೊತ್ತು. ಸಂತೋಷ, ನಿಮ್ಮ ಪ್ರೀತಿ ಇದ್ದರೆ ಸಾಕು ಎಂದು ಕೈ ಮುಗಿದು ಕೂತುಕೊಳ್ಳಬೇಕು. ಸಿದ್ರಾ ಎದ್ದು ಬಂದಳು. ಮೈಕು ಅವಳಿಗೆ ಎತ್ತರವಾಯಿತು, ಯಾರೋ ಬಗ್ಗಿಸಿ ಕೊಟ್ಟರು. ಬಲೆಯ ಹೊರಗೆ ನಿಂತವರನ್ನೊಮ್ಮೆ ನೋಡಿದಳು. ಮೈಕಿನ ಕಂಬವನ್ನು ಹಿಡಿದುಕೊಂಡಳು. ಹೆದರಿದ್ದಳು. ಲಾರಿಗೆ ಹೆದರದವಳು, ಪೊಲೀಸರಿಗೆ ಹೆದರದವಳು, ಒಂದು ಹೂಂ ಅನ್ನುವುದಕ್ಕೆ ಹೆದರಿದ್ದಳು.

"ಆಯ್ತಪ್ಪ" ಎಂದಳು. "ಬರ್ತೀವಿ. ಇವತ್ತೇ ಬರ್ತೀವಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹಿಂದಿನಿಂದ, ವಯಸ್ಸಾಯ್ತಲ್ಲ ಪಾಪ, ತಿಳಿಯಲಿಲ್ಲ ಎಂದು ಗುಸುಗುಸು ಅಂದರು. ಎಲಿಸಿಯೊ ನಗುತ್ತಲೇ ಇದ್ದ, ಆ ನಗುವನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಕೌನ್ಸಿಲರಮ್ಮ ಮಾತ್ರ ಇದೆಲ್ಲ ಮೊದಲೇ ಗೊತ್ತುಮಾಡಿಕೊಂಡ ಕಾರ್ಯಕ್ರಮ ಎಂದುಕೊಂಡು ಜೋರಾಗಿ ಕೈ ತಟ್ಟಿದರು. ಆಗ ಉಳಿದವರೂ ತಟ್ಟಿದರು. ಫೋಟೋದವನು ಫೋಟೋ ತೆಗೆದ. ಎಲಿಸಿಯೊಗೆ ಇನ್ನು ಇಲ್ಲವೆನ್ನುವ ಹಾಗಿರಲಿಲ್ಲ. ಕಾವಲಿನವನಿಗೆ ಗೇಟು ಪೂರ್ತಿ ತೆರೆ ಎಂದು ಸನ್ನೆ ಮಾಡಿದ.

ಗೇಟು ತೆರೆಯಿತು. ಎಲಿಸಿಯೊ ಹೊರಗಿನವರ ಕಡೆ ತಿರುಗಿ, ಮೈಕಿನಲ್ಲೇ, "ಬನ್ನಿ, ಎಲ್ಲಾ ಒಳಗೆ ಬನ್ನಿ" ಎಂದ.

ಹೊರಗೆ ನಿಂತವರು ಏನಂದಿರಬೇಕು ಹೇಳಿ? ಅಷ್ಟು ದಿನ ಪಾಠ ಕಲಿತವರು? ಎಲ್ಲರೂ ಒಟ್ಟಿಗೆ, ತಲೆ ತಗ್ಗಿಸಿ, ಅದೇ ಧಾಟಿಯಲ್ಲಿ ಹೇಳಿದರು.

"ಪರ್ವಾಗಿಲ್ಲ ಕ್ಯಾಪ್ಟನ್. ನಾವು ಇಲ್ಲೇ ಚೆನ್ನಾಗಿದೀವಿ."

ಹೋಗಿ ಎಲ್ಲರ ಕೆನ್ನೆಗೂ ಒಂದೊಂದು ಬಾರಿಸೋಣ ಎನ್ನಿಸಿತು ನನಗೆ. ಎಲಿಸಿಯೊನ ಎದೆಯಿಂದ ಉಸಿರು ಹೊರಬಿದ್ದದ್ದು ಮೈಕಿನಲ್ಲಿ ಇಡೀ ಬರಂಗಾಯಿಗೇ ಕೇಳಿಸಿತು. ನೋಡಿ, ಅವರೇ ಬೇಡ ಅಂತಿದ್ದಾರೆ, ಎಷ್ಟು ಸಂಕೋಚದ ಜನ ಎಂದು ಅವನು ಕೌನ್ಸಿಲರಮ್ಮನಿಗೆ ವಿವರಿಸತೊಡಗಿದ. ಇನ್ನು ಊಟಕ್ಕೆ ಏಳೋಣ ಎಂದ. ಸಿದ್ರಾ ಮೈಕಿನ ಕಂಬ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಬಾಯಿತುಂಬ ಹೂಂ ಅಂದು ತನ್ನ ಮಾನವನ್ನೇ ಒತ್ತೆಯಿಟ್ಟ ಮುದುಕಿಯನ್ನು ಅವಳ ಮಕ್ಕಳೇ ಕೈಬಿಟ್ಟಿದ್ದರು. ಅದೂ ಒಳ್ಳೆಯತನದಿಂದ.

ಆಗ ಗ್ಲೆಂಡಾ ಮಾತಾಡಿದಳು. ಅವಳು ಗಾಡಿಯ ಮರೆಯಲ್ಲಿ ಕೂತಿದ್ದಳು, ಹಿಡಿದುಕೊಂಡು ಎದ್ದು ನಿಂತಳು. ಅವಳ ದನಿ ಸಣ್ಣದು. ಆದರೆ ಎಲ್ಲರೂ ಊಟಕ್ಕೆ ಏಳುವ ಮುಂಚಿನ ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ನಾನು ಬರ್ತೀನಿ" ಎಂದಳು. "ನಂಗೆ ಒಳಗೆ ಬರ್ಬೇಕು. ಹೋದ್ಸಲ ಬೇಡ ಅಂದೆ, ನಂಗೆ ಬೇಕಾಗಿತ್ತು."

ಓಬೆತ್ ಅವಳ ತೋಳು ಹಿಡಿದುಕೊಂಡ. ಅವಳು ಬಿಡಿಸಿಕೊಂಡಳು. ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, ಗೇಟು ದಾಟಿ, ಆ ಹಸಿರು ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದಳು. ಕುರ್ಚಿಯಲ್ಲಿ ಕೂತ ಅಷ್ಟು ಜನ ಅವಳನ್ನೇ ನೋಡುತ್ತಿದ್ದರು. ಅವಳ ಕಿವಿ ಕೆಂಪಾಗಿತ್ತು, ಅಳುತ್ತಿದ್ದಳು, ಆದರೂ ನಿಲ್ಲಲಿಲ್ಲ. ನಾನು ಹೋಗಿ ಎದುರುಗೊಂಡು ಒಂದು ಕುರ್ಚಿ ಎಳೆದು ಕೂರಿಸಿದೆ. ಒಂದು ತಟ್ಟೆ ಪಾನ್ಸಿತ್ ತಂದು ತೊಡೆಯ ಮೇಲಿಟ್ಟೆ. ಕೌನ್ಸಿಲರಮ್ಮನಿಗಿಂತ ಮೊದಲು ಬಡಿಸಿದ್ದು ಅವಳಿಗೇ. ಎಲಿಸಿಯೊ ನನ್ನನ್ನು ದುರುಗುಟ್ಟಿ ನೋಡಿದ, ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಗ್ಲೆಂಡಾಳ ಹಿಂದೆ ಹೆಂಗಸರು ಒಬ್ಬೊಬ್ಬರೇ ಬಂದರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ. ಮಕ್ಕಳಿಗೆ ಇನ್ನೂ ದಾಕ್ಷಿಣ್ಯದ ರೋಗ ತಗುಲಿರಲಿಲ್ಲ, ಕೆಳಗಿಳಿದ ಕೂಡಲೇ ಅಂಗಳದ ತುಂಬ ಓಡಿದವು. ಗಂಡಸರು ಮಾತ್ರ ಗಾಡಿಗಳ ಹತ್ತಿರವೇ ನಿಂತರು. ಅವರ ಬದುಕೆಲ್ಲ ಆ ಗಾಡಿಗಳಲ್ಲಿತ್ತು, ಗಾಡಿ ಬಿಟ್ಟು ಬರುವಂತಿಲ್ಲ. ಗಾಡಿಯನ್ನು ಆ ಹಸಿರು ನೆಲದ ಮೇಲೆ ತರುವುದಂತೂ ಕನಸಿನ ಮಾತು. ಹೆಂಗಸರು ಮಕ್ಕಳು ಒಳಗೆ ಹೋದರಲ್ಲ, ನಮ್ಮದು ಹೇಗೋ ನಡೆಯುತ್ತದೆ ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸಿತು.

ಊಟ ಅರ್ಧವಾಗುವಾಗಲೇ ಗಾಳಿ ಶುರುವಾಯಿತು. ಕೌನ್ಸಿಲರಮ್ಮ ಕಾರು ಹತ್ತಿದರು, ಫೋಟೋದವನು ಹೋದ, ಕುರ್ಚಿಯವರು ಕುರ್ಚಿ ಹೊತ್ತು ಓಡಿದರು. ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ ಬಿದ್ದವು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಉಳಿದವರೆಂದರೆ ಗಾಡಿಯವರ ಹೆಂಗಸರು ಮಕ್ಕಳು, ಸಿದ್ರಾ, ಪಾತ್ರೆ ತುಂಬಿಕೊಳ್ಳುತ್ತಿದ್ದ ನಾನು, ಮತ್ತು ಎಲಿಸಿಯೊ. ಸಮಾರಂಭಕ್ಕೆಂದು ಹೊಸದಾಗಿ ಹೊಲಿಸಿದ ಬಿಳಿ ಅಂಗಿ ತೊಟ್ಟು ನಡುಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಗೇಟಿನ ಬೀಗವಿತ್ತು. ಎಂದಿನಂತೆ ಸಮಾರಂಭ ಮುಗಿದ ಕೂಡಲೇ ಕಾವಲಿನವನು ಅದನ್ನು ತಂದು ಅವನ ಕೈಗೆ ಕೊಟ್ಟು ಹೋಗಿದ್ದ.

ಅವನು ಗೇಟಿನ ಕಡೆ ನಡೆದ. ಇನ್ನು ನೋಡುವವರು ಯಾರೂ ಇರಲಿಲ್ಲ. ಗಂಡಸರನ್ನು ಹೊರಗೇ ಇಟ್ಟು ಬೀಗ ಹಾಕಿದರೂ ಬೆಳಿಗ್ಗೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಕರೆದಿದ್ದಾನೆ, ಅವರು ಬೇಡವೆಂದಿದ್ದಾರೆ, ಲೆಕ್ಕ ಚುಕ್ತಾ ಆಗಿತ್ತು. ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಅವನ ಹಿಂದೆ ಹೋದೆ. ಬೀಗ ಹಾಕಿದರೆ ಆ ಸೌಟಿನಲ್ಲೇ ಅವನ ತಲೆಗೆ ಹೊಡೆಯುವುದೆಂದು ನಿಶ್ಚಯ ಮಾಡಿದ್ದೆ.

ಅವನು ಗೇಟು ದಾಟಿ ಮಳೆಗೆ ಹೋಗಿ ನಿಂತ. ಓಬೆತ್ ಗಾಡಿಯ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ.

"ಓಬೆತ್" ಎಂದ ಎಲಿಸಿಯೊ. "ಒಳಗೆ ಬನ್ನಿ."

ಓಬೆತ್ ಗಡಬಡಿಸಿ ಎದ್ದು ಕೈ ಒರೆಸಿಕೊಂಡ. "ಪರ್ವಾಗಿಲ್ಲ ಕ್ಯಾಪ್ಟನ್. ಹೆಂಡ್ತಿ ಒಳಗಿದಾಳಲ್ಲ, ಅಷ್ಟೇ ಸಾಕು. ನಾವು ಇಲ್ಲೇ ಗಾಡಿ ನೋಡ್ಕೊಂಡು ಇರ್ತೀವಿ."

ಎಲಿಸಿಯೊನ ಹೊಸ ಅಂಗಿ ಮೈಗೆ ಅಂಟಿಕೊಂಡಿತು. ಅವನು ಹಿಂತಿರುಗಿ ಅಂಗಳದ ನೆಲವನ್ನೊಮ್ಮೆ ನೋಡಿದ. ಆ ನೋಟದಲ್ಲಿ ಸಂಕಟವಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ.

"ಗಾಡಿ ಸಮೇತ ಬನ್ನಿ" ಎಂದ. "ಬಣ್ಣ ಹೋದ್ರೆ ಇನ್ನೊಂದ್ಸಲ ಬಳಿದ್ರಾಯ್ತು."

ಓಬೆತ್ ಉಳಿದವರ ಮುಖ ನೋಡಿದ. ಅವನು ಮತ್ತೆ ತಲೆ ತಗ್ಗಿಸಿ, ಸುಮ್ನೆ ನಿಮಗೆ ಯಾಕೆ ತೊಂದ್ರೆ ಎಂದು ಏನೋ ಗೊಣಗಿದ. ಬಾಯಿಂದ ಅದು ತಾನಾಗೇ ಬಂದುಬಿಟ್ಟಿತು. ಮಳೆ ಅಷ್ಟರಲ್ಲಿ ಧೋ ಎನ್ನತೊಡಗಿತ್ತು.

"ನೋಡಪ್ಪ" ಎಂದ ಎಲಿಸಿಯೊ, ದನಿ ಏರಿಸಿ, ಮಳೆಯ ಸದ್ದಿನ ಮೇಲೆ ಕೇಳಿಸುವ ಹಾಗೆ. "ಮೂರನೇ ಸಲ ಕರೀತಿದೀನಿ. ಇದಕ್ಕಿಂತ ಜಾಸ್ತಿ ಕರೆಯೋಕೆ ನಂಗೂ ಬರಲ್ಲ. ಬನ್ನಿ."

ಓಬೆತ್ ಉಳಿದವರಿಗೆ ಸನ್ನೆ ಮಾಡಿದ. ಆಮೇಲೆ ಬಗ್ಗಿ ಚಕ್ರದ ಕಲ್ಲು ತೆಗೆದ. ಗೇಟಿನ ಹತ್ತಿರ ನೆಲ ಸ್ವಲ್ಪ ಎತ್ತರವಿದೆ, ಗಾಡಿ ಹತ್ತುವುದಿಲ್ಲ. ಒಂದು ಕಡೆ ಓಬೆತ್ ಹಿಡಿದ, ಇನ್ನೊಂದು ಕಡೆ ಎಲಿಸಿಯೊ ಹೆಗಲು ಕೊಟ್ಟ. ಗಾಡಿ ಒಳಗೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಚಕ್ರಗಳ ಕೆಸರು ಹಸಿರು ನೆಲದ ಉದ್ದಕ್ಕೂ ಗೆರೆ ಎಳೆಯಿತು. ಎಲಿಸಿಯೊ ಆ ಕಡೆ ನೋಡದೆ ಮುಂದಿನ ಗಾಡಿಗೆ ಕೈ ಕೊಡುತ್ತಿದ್ದ. ನಾನು ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊನೆಯ ಗಾಡಿಯನ್ನು ಹಿಂದಿನಿಂದ ತಳ್ಳಿದೆ. ಅಳು ಬಂದಿತ್ತು, ಮಳೆಯಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಿದ್ರಾ ಗ್ಲೆಂಡಾಳನ್ನು ವೇದಿಕೆಯ ಮೇಲೆ ಒಣ ಜಾಗದಲ್ಲಿ ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊರಳಲ್ಲಿ ಸನ್ಮಾನದ ಪಟ್ಟಿ ಇನ್ನೂ ಇತ್ತು, ತೆಗೆಯುವುದಕ್ಕೆ ಪುರುಸೊತ್ತಾಗಿರಲಿಲ್ಲ. ಅವಳು ಕತ್ತು ಉದ್ದಮಾಡಿ ಒಂದೊಂದು ಗಾಡಿಯನ್ನೂ ಒಂದೊಂದು ಮುಖವನ್ನೂ ನೋಡಿದಳು.

"ಎಲ್ಲಾ ಬಂದ್ರಾ?"

ಎಲ್ಲರೂ ಬಂದರು, ಹೊರಗೆ ಯಾರೂ ಇಲ್ಲ ಎಂದೆ.

ಗಾಳಿ ಮಳೆಯನ್ನು ಗೇಟಿನಿಂದ ಒಳಕ್ಕೆ ಎರಚುತ್ತಿತ್ತು. ಎಲಿಸಿಯೊ ಅಲ್ಲೇ ನಿಂತು ಅಂಗಿಯ ತುದಿ ಹಿಂಡುತ್ತಿದ್ದ.

"ಹಾಗಾದ್ರೆ ಆ ಗೇಟು ಹಾಕೋ ಎಲಿ" ಎಂದಳು ಸಿದ್ರಾ. "ಬಸುರಿಗೆ ಥಂಡಿ ಹೊಡೀತಿದೆ."

ಅವನು ಬೀಗವನ್ನು ಜೇಬಿಗೆ ಹಾಕಿಕೊಂಡು, ಒಳಗಿನಿಂದ ಗೇಟು ಎಳೆದುಕೊಂಡ.